ದೊರೆಸಾನಿಯ ಎರಡು ಸೀಟಿನ ಕಾರು

ಎಂಜಿ ಅಂದರೆ ನಮ್ಮ ಹಿರಿಯೂರಿನವರಿಗೆ ಹೈವೇಯಲ್ಲಿ ಭರ್ರನೆ ಹೋಗುವ ಎತ್ತರದ ಹೊಸ ಕಾರು. ಹಾಗಾಗಿ ಅಪ್ಪನ ಶೆಡ್ಡಿನಲ್ಲಿ ನಿಂತಿದ್ದ, ನನ್ನ ಸೊಂಟದೆತ್ತರಕ್ಕೂ ಬಾರದ, ಮೇಲೆ ಚಾವಣಿಯೇ ಇಲ್ಲದ ಕೆಂಪು ಕಾರೂ ಎಂಜಿಯೇ ಅಂದಾಗ ಜನ ನಗುತ್ತಿದ್ದರು.

"ಅದರ ಮರಿ ಏನಪ್ಪ ಗೋವರ್ಧನ? ಇನ್ನೂ ತಲೆ ಮೇಲೆ ಮಾಡು ಬೆಳದಿಲ್ಲ?"

"ಮರಿ ಅಲ್ರೀ, ಅದರ ಅಜ್ಜಿ," ಅನ್ನುತ್ತಿದ್ದ ಅಪ್ಪ. "ಇಂಗ್ಲೆಂಡಲ್ಲಿ ಹುಟ್ಟಿದ ಅಜ್ಜಿ. ಸೆರಗು ಹೊದೆಯೋ ಅಭ್ಯಾಸ ಇಲ್ಲ ಅವಳಿಗೆ."

ಧರ್ಮಪುರದ ರಸ್ತೆಯಲ್ಲಿ ಅಪ್ಪನದೊಂದು ವೆಲ್ಡಿಂಗ್ ಶೆಡ್ಡು. ಶೇಂಗಾ ಸಾಗಿಸುವ ಟ್ರ್ಯಾಕ್ಟರ್ ಟ್ರೇಲರು ಮಾಡೋದು, ಮುರಿದದ್ದನ್ನು ಬೆಸೆಯೋದು ಅವನ ಕಸುಬು. ಊರಲ್ಲಿ ಅವನ ಹೆಸರೇ ಟ್ರೇಲರ್ ಗೋವರ್ಧನ. ಆ ಕಾರು ಅವನಿಗೆ ಸಿಕ್ಕಿದ್ದು ಹೊಸದುರ್ಗದ ಒಂದು ಫೋಟೋ ಸ್ಟುಡಿಯೋದಲ್ಲಿ. ಹಿಂದೆ ತಾಜಮಹಲಿನ ಪರದೆ, ಮುಂದೆ ಇಟ್ಟಿಗೆಗಳ ಮೇಲೆ ಕೂರಿಸಿದ ಕಾರು. ಮದುವೆಯಾದವರು, ಎಸ್ಸೆಸ್ಸೆಲ್ಸಿ ಪಾಸಾದವರು ಬಂದು, ಸ್ಟುಡಿಯೋದವನದೇ ಕರಿ ಕನ್ನಡಕ ಏರಿಸಿ, ಸ್ಟೀರಿಂಗ್ ಹಿಡಿದು ಫೋಟೋ ತೆಗೆಸಿಕೊಂಡು ಇಳಿದು ಹೋಗುತ್ತಿದ್ದರು. ಎಲ್ಲರ ಕೈಗೂ ಮೊಬೈಲ್ ಬಂದ ಮೇಲೆ ಸ್ಟುಡಿಯೋ ಮುಚ್ಚಿತು. ಕಾರು ಮೊದಲು ಯಾರದಾಗಿತ್ತು ಅನ್ನೋದು ಸ್ಟುಡಿಯೋದವನಿಗೂ ಗೊತ್ತಿರಲಿಲ್ಲ. ಅವನಪ್ಪ ಬೊಂಬಾಯಿ ಕಡೆಯಿಂದ ಲಾರಿ ಮೇಲೆ ತರಿಸಿದ್ದನಂತೆ, ಅಷ್ಟೆ.

ಟ್ರೇಲರಿನ ಮೇಲೆ ಹೇರಿಕೊಂಡು ಬಂದಾಗ ಅದು ಕಾರಲ್ಲ, ಕಾರಿನ ಹೆಣ. ತಗಡಿನ ಒಳಗಿನ ಮರದ ಚೌಕಟ್ಟನ್ನು ಗೆದ್ದಲು ತಿಂದಿತ್ತು. ಸೀಟಿನಲ್ಲಿ ಇಲಿಗಳು ಬಾಣಂತನ ಮಾಡಿದ್ದವು. ಅಪ್ಪ ಹೊನ್ನೆ ಮರ ಕೊಯ್ಸಿ, ಒಂದೊಂದೇ ಪಕ್ಕೆಲುಬು ಮಾಡಿ ಕೂರಿಸಿದ. ಬಿಗಿದುಕೊಂಡಿದ್ದ ಎಂಜಿನ್ನನ್ನು ಬಿಚ್ಚಿ ಡೀಸೆಲ್ಲಿನಲ್ಲಿ ನೆನೆಹಾಕಿದ. ಸಿಕ್ಕದ ಬಿಡಿಭಾಗಗಳನ್ನು ಇಂಗ್ಲೆಂಡಿನಿಂದ ತರಿಸಿದ. ತರಿಸಲಾಗದ್ದನ್ನು ತಾನೇ ಕಡೆದ. ವರ್ಷಗಟ್ಟಲೆ ಕಾರಿನ ಕೆಳಗಿನಿಂದ ಚಾಚಿದ ಅವನ ಕಾಲು ಮಾತ್ರ ನಮಗೆ ಕಾಣುತ್ತಿದ್ದದ್ದು. ಮೊದಲ ಸಲ ಕೀಲಿ ತಿರುಗಿಸಿದಾಗ ಪೆಟ್ರೋಲ್ ಪಂಪು ಟಕ ಟಕ ಟಕ ಅಂತ ಹಲ್ಲಿಯ ಹಾಗೆ ಲೊಚಗುಟ್ಟಿತು. ನನ್ನಜ್ಜಿ ಶೇಂಗಾ ಸುಲಿಯೋದು ಬಿಟ್ಟು, ಹಲ್ಲಿಯೇ ನುಡಿಯಿತು ಅಂದುಕೊಂಡು, ನೆಲ ತಟ್ಟಿ "ಕೃಷ್ಣ ಕೃಷ್ಣ" ಅಂದಳು. ಅಪ್ಪ ಅತ್ತ. ನಾನು ನೋಡಲಿಲ್ಲ ಅಂದುಕೊಂಡಿದ್ದಾನೆ.

ಮಾರಬೇಕು ಅಂತಲೇ ಅವನು ಅದನ್ನು ಕಟ್ಟಿದ್ದು. ದುಡ್ಡಿಗಿಂತ ಹೆಸರಿನ ಆಸೆ ಅವನಿಗೆ. "ಇದೊಂದು ತಿಳಿದೋರ ಕೈಗೆ ಹೋಗ್ಲಿ ಮೌನಿಕಾ. ಮಾಡಿದ್ದು ಯಾರು ಅಂತ ಜನ ಕೇಳೇ ಕೇಳ್ತಾರೆ. ಆಮೇಲೆ ಹಳೇ ಕಾರಿನೋರು ನಮ್ಮ ಶೆಡ್ಡು ಹುಡಿಕ್ಕಂಡು ಬರ್ತಾರೆ. ಸಾಯೋ ತನ್ಕ ಟ್ರೇಲರಿಗೇ ಟಾಕಾ ಹಾಕ್ತಾ ಕೂರಾಕಾಗ್ತೈತಾ?"

ಜಾಹೀರಾತು ಬರೆಯೋ ಕೆಲಸ ನನ್ನದಾಯಿತು.

ಅಮ್ಮ ಹೊಲಕ್ಕೆ, ಅಪ್ಪ ಶೆಡ್ಡಿಗೆ ಹೋದರೆ ನನ್ನನ್ನು ಬೆಳೆಸಿದ್ದು ಅಜ್ಜಿ ಜುಂಜಮ್ಮನ ಕಥೆಗಳು. ಅವಳು ಕಥೆ ಹೇಳಬೇಕಾದರೆ ಎದುರಿಗೊಬ್ಬರು ಹೂಂ ಅನ್ನೋರು ಇರಲೇಬೇಕು. ಹೂಂ ನಿಂತರೆ ಕಥೆಯೂ ನಿಲ್ಲುತ್ತದೆ. "ಹೂಂ ಅನ್ನೇ, ಪಾಪ ಆ ಹುಡ್ಗಿ ಹೊಳೆ ನಡುವೆ ನಿಂತವಳೆ, ಥಂಡಿ ಆಗಲ್ವಾ ಅವಳಿಗೆ?" ಅನ್ನುತ್ತಿದ್ದಳು. ಈ ಹೂಂಗೆ 'ನಿಜ' ಅಂತ ಅರ್ಥವಿಲ್ಲ, 'ಒಪ್ಪಿದೆ' ಅಂತಲೂ ಇಲ್ಲ. 'ಇಲ್ಲೇ ಇದ್ದೀನಿ, ಹೇಳು' ಅಂತ, ಅಷ್ಟೆ. ಅಪ್ಪನೂ ಅದೇ ತಾಯಿಯ ಮಗ. ಸ್ಪ್ಯಾನರ್ ಕೈಗೆತ್ತಿಕೊಂಡರೆ ಸಾಕು, ಯಾರು ಏನು ಹೇಳಿದರೂ ಒಂದೇ ಸಮ ಹೂಂ, ಹೂಂ. ಅಮ್ಮ ಒಮ್ಮೆ "ನಾನು ತವರಿಗೆ ಹೋಗ್ತೀನಿ, ಇನ್ಮೇಲೆ ವಾಪಸು ಬರಲ್ಲ" ಅಂದದ್ದಕ್ಕೂ ಕಾರಿನ ಕೆಳಗಿನಿಂದ ಹೂಂ ಬಂದಿತ್ತು.

ನಾನು ಬರೆಯಲು ಕೂತೆ. 'ಹೊಸದುರ್ಗದ ಫೋಟೋ ಸ್ಟುಡಿಯೋದಲ್ಲಿ ಇಟ್ಟಿಗೆ ಮೇಲಿದ್ದ ಕಾರು' ಅಂತ ಬರೆದು ಓದಿಕೊಂಡರೆ ನನಗೇ ನಾಚಿಕೆಯಾಯಿತು. ಯಾರು ಬರುತ್ತಾರೆ ಇದಕ್ಕೆ? ಇನ್ನು ಅಪ್ಪ ಅಂಗಾತ ಮಲಗಿ ಕಳೆದ ವರ್ಷಗಳು ನನಗೆ ಕಥೆ ಅನ್ನಿಸಲೇ ಇಲ್ಲ. ಅಜ್ಜಿಯ ಕಥೆಗಳಲ್ಲಿ ಕುದುರೆ ಏಳು ಸಮುದ್ರ ಹಾರುತ್ತದೆ; ಲಾಳ ಹೊಡೆದವನ ಹೆಸರು ಎಲ್ಲೂ ಬರುವುದಿಲ್ಲ.

ಅದನ್ನು ಅಳಿಸಿ ಬೇರೆ ಬರೆದೆ. ಗಣಿ ಇಂಜಿನಿಯರ್ ಆಗಿದ್ದ ಇಂಗ್ಲಿಷ್ ದೊರೆಯೊಬ್ಬನ ಹೆಂಡತಿ ಹೊಳಲ್ಕೆರೆ ಸೀಮೆಯ ಮಣ್ಣು ದಾರಿಗಳಲ್ಲಿ ಒಬ್ಬಳೇ ಈ ಕಾರು ಓಡಿಸುತ್ತಿದ್ದಳು. ಸಂಜೆ ರಾಮಗಿರಿ ಸ್ಟೇಷನ್ನಿಗೆ ಬಂದು, ಬೆಟ್ಟದ ನೆರಳಲ್ಲಿ ಕಾರು ನಿಲ್ಲಿಸಿ, ಗಂಡನ ರೈಲಿಗೆ ಕಾಯುತ್ತಿದ್ದಳು. ಒಂದು ದಿನ ರೈಲು ಬಂತು, ಗಂಡ ಇಳಿಯಲಿಲ್ಲ. ಅವಳು ಕೀಲಿಯನ್ನು ಕಾರಿನಲ್ಲೇ ಬಿಟ್ಟು ಅದೇ ರೈಲು ಹತ್ತಿದಳು. ಅಂದಿನಿಂದ ಈ ಕಾರು ಅವಳಿಗಾಗಿ ಹಾಗೆಯೇ ಕಾಯುತ್ತಿದೆ... ರಾಮಗಿರಿ ಯಾಕೆ ಅಂದರೆ, ರೈಲಿನ ಕಿಟಕಿಯಿಂದ ಆ ಬೆಟ್ಟ ನನಗೆ ಚೆಂದ ಕಂಡಿತ್ತು. ದೊರೆಸಾನಿ ಯಾರೂ ಅಲ್ಲ, ಅಜ್ಜಿಯ ಕಥೆಯಲ್ಲಿ ಕುದುರೆ ಬಿಟ್ಟು ಹೋದ ರಾಜಕುಮಾರಿಯೇ. ನಾನು ಅವಳ ತಲೆಗೊಂದು ಟೋಪಿ ಇಟ್ಟಿದ್ದೆ.

ಕಾರಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಅಪ್ಪನ ಕಾಲುಗಳಿಗೆ ಪೂರ್ತಿ ಓದಿ ಹೇಳಿದೆ. ಸಾಲು ಸಾಲಿಗೂ ಹೂಂ ಬಂತು.

"ಹಾಕ್ಲಾ ಅಪ್ಪ?"

"ಹೂಂ."

ಫೇಸ್‌ಬುಕ್ಕಿನ ಹಳೇ ಕಾರುಗಳ ಗುಂಪಿನಲ್ಲಿ ಫೋಟೋಗಳ ಜೊತೆ, ಎಂಜಿನ್ನೂ ಒಳಗಿನ ಮರವೂ ಗಟ್ಟಿಯಾಗಿವೆ ಅಂತ ಕೊನೆಗೊಂದು ಸಾಲು, ಬೆಲೆ ಸೇರಿಸಿ ಹಾಕಿಬಿಟ್ಟೆ. ಜನ ಹುಚ್ಚೆದ್ದು ಹಂಚಿಕೊಂಡರು. ದೊರೆಸಾನಿಗಾಗಿ ಕಣ್ಣೀರಿನ ಗುರುತು ಒತ್ತಿದರು. ನನ್ನ ಕಾಲು ನೆಲ ಮುಟ್ಟುತ್ತಿರಲಿಲ್ಲ.

ಆ ವಾರವೇ ಭೀಮಸಮುದ್ರದ ಅಡಿಕೆ ವ್ಯಾಪಾರಿ ಮುರುಗಪ್ಪನವರ ಫೋನ್ ಬಂತು. "ಕಾರು ಯಾರಿಗೂ ಕೊಡಬ್ಯಾಡ್ರಿ. ಭಾನುವಾರ ನಮ್ಮವ್ವನ್ನ ಕರ್ಕಂಡು ಬರ್ತೀನಿ," ಅಂದರು. ಕಾರು ನೋಡಲು ಅವ್ವ ಯಾಕೆ ಅಂತ ನನಗೆ ಹೊಳೆಯಲಿಲ್ಲ.

ಭಾನುವಾರ ಅವರ ದೊಡ್ಡ ಗಾಡಿಯಿಂದ ಮೊದಲು ಊರುಗೋಲು ಇಳಿಯಿತು, ಆಮೇಲೆ ಅವರವ್ವ ಮಹಾದೇವಮ್ಮ ಇಳಿದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಬೆಳ್ಳಿ ಕರಡಿಗೆ. ಅಜ್ಜಿ ಎದ್ದು, "ಬರ್ರಿ ತಾಯಿ, ಕುಂತ್ಕಳ್ರಿ, ಬಿಸಿಲು ಜೋರೈತೆ," ಅಂತ ಚಾಪೆ ಝಾಡಿಸಿದಳು. ಮಹಾದೇವಮ್ಮ ಕೂರಲಿಲ್ಲ. ಸೀದಾ ಕಾರಿನ ಹತ್ತಿರ ಹೋದರು. ಹೆಡ್‌ಲೈಟಿನ ಗುಂಡು ತಲೆಯನ್ನು ಮಗುವಿನ ತಲೆ ಸವರುವ ಹಾಗೆ ಸವರಿದರು.

"ಇದೇ ಕಣೋ ಮುರುಗಾ. ಒಂಚೂರೂ ಬದಲಾಗಿಲ್ಲ ನೋಡು."

ನಾನು ನೀರಿನ ಚೊಂಬು ಹಿಡಿದು ಅವರ ಹತ್ತಿರ ಹೋದೆ.

"ನಾನು ರಾಮಗಿರಿ ಹುಡ್ಗಿ," ಅಂದರು ಅವರು, ನನ್ನ ಕಡೆ ತಿರುಗಿ. "ಲಂಗ ಹಾಕ್ತಿದ್ದೆ ಆಗ. ಸ್ಟೇಷನ್ ಹತ್ರ ಬೇಲಿ ಸಂದೀಲಿ ನೋಡ್ತಾ ಕೂತಿರ್ತಿದ್ವಿ. ಈ ಕಾರಲ್ಲಿ ಬರೋಳು ಅವಳು. ತಲೆಗೆ ಹಸಿರು ಬಟ್ಟೆ ಕಟ್ಟೋಳು. ಪಕ್ಕದಲ್ಲಿ ಒಂದು ನಾಯಿ. ಒಂದಿನ ನಂಗೆ ಬಿಸ್ಕತ್ತು ಕೊಟ್ಲು. ನಮ್ಮವ್ವ 'ಮ್ಲೇಚ್ಛರು ಕೊಟ್ಟಿದ್ದು ತಿಂತೀಯಾ' ಅಂತ ಬರೆ ಹಾಕಾಕೆ ಬಂದಿದ್ಲು."

ಹಸಿರು ಬಟ್ಟೆ ನಾನು ಬರೆದಿರಲಿಲ್ಲ. ನಾಯಿಯನ್ನೂ ಬರೆದಿರಲಿಲ್ಲ. ನನ್ನ ಸುಳ್ಳು ನನ್ನ ಕೈ ಬಿಟ್ಟು ಹೋಗಿ ಅಲ್ಲಿ ಯಾರದೋ ಮನೆಯಲ್ಲಿ ಮಕ್ಕಳು ಮರಿ ಮಾಡಿಕೊಂಡಿತ್ತು.

ಮುರುಗಪ್ಪ ಅಪ್ಪನ ಕಡೆ ನೋಡಿದರು. ಅಪ್ಪ ಕೈಯೊರೆಸಿಕೊಳ್ಳುತ್ತಾ ನಿಂತಿದ್ದ. ಅವನ ಮುಖ ನೋಡಿದೆ. ದೊರೆಸಾನಿಯ ಕಥೆಯನ್ನು ಅವನು ಈಗಲೇ ಮೊದಲ ಸಲ ಕೇಳುತ್ತಿದ್ದ. ಅವತ್ತು ನಾನು ಓದಿದ್ದು ಅವನ ಕಾಲಿಗೆ ಮಾತ್ರ ಕೇಳಿಸಿತ್ತು.

"ನೀವು ಹೇಳ್ರಿ ಗೋವರ್ಧನ," ಅಂದರು ಮುರುಗಪ್ಪ. "ಫೇಸ್‌ಬುಕ್ಕಲ್ಲಿ ಬರೆಯೋರು ನೂರು ಬರೀತಾರೆ. ರಾಮಗಿರೀಲಿ ದೊರೆಸಾನಿ ಓಡಿಸ್ತಿದ್ದ ಕಾರು ಇದೇನಾ?"

ಅಪ್ಪ ನನ್ನ ಕಡೆ ತಿರುಗಿದ. ಅಪರಿಚಿತರ ಎದುರು ನಾನು ಸುಳ್ಳಿಯಾಗುವ ಗಳಿಗೆ ಅದು. ಅವನಿಗೆ ಎಲ್ಲ ಅರ್ಥವಾಯಿತು. ಒಂದು ಬೋಲ್ಟು ಸಡಿಲವಿದ್ದರೂ ಟ್ರೇಲರನ್ನು ಶೆಡ್ಡಿನಿಂದ ಹೊರಗೆ ಬಿಡದವನು ಅವನು.

"ಹೂಂ," ಅಂದ.

ಅಪ್ಪನ ಹೂಂಗಳೆಲ್ಲ ನನಗೆ ಗೊತ್ತು. ಕಥೆ ಕೇಳುವ ಹೂಂ ಮೂಗಿನಲ್ಲಿ ಹುಟ್ಟಿ ಮೇಲಕ್ಕೆ ಏಳುತ್ತದೆ. ಇದು ಎದೆಯಿಂದ ಬಂದು ಕೆಳಗೆ ಬಿತ್ತು, ಸಂತೆಯಲ್ಲಿ ಕುರಿ ಕೊಟ್ಟೆ ಅನ್ನುವಾಗಿನ ಹೂಂ. ನಮ್ಮ ಹಟ್ಟಿಯಲ್ಲಿ ಆ ಹೂಂ ಅಂದವರು ಹಿಂದೆ ಸರಿಯುವುದಿಲ್ಲ.

ಮಹಾದೇವಮ್ಮ ಚಪ್ಪಾಳೆ ತಟ್ಟಿದರು. ಅಜ್ಜಿ ಮಾತ್ರ ಶೇಂಗಾ ಸುಲಿಯೋದು ನಿಲ್ಲಿಸಿ ಮಗನನ್ನೇ ನೋಡುತ್ತಿದ್ದಳು.

ನನಗೆ ನಿಲ್ಲಲಾಗಲಿಲ್ಲ. ಮುರುಗಪ್ಪನವರನ್ನು "ಒಂದ್ನಿಮಿಷ ಬರ್ರಿ ಸರ್" ಅಂತ ಶೆಡ್ಡಿನ ಹಿಂದೆ, ಬೇವಿನ ಮರದ ಬುಡಕ್ಕೆ ಕರೆದುಕೊಂಡು ಹೋದೆ. ಅವರು ರೇಟಿನ ಮಾತು ಅಂದುಕೊಂಡರು. "ಹೇಳಿದ್ದೇ ಕೊಡ್ತೀನಮ್ಮ, ಚೌಕಾಸಿ ಮಾಡಲ್ಲ," ಅಂದರು.

"ಆ ಕಥೆ ನಂದು ಸರ್. ನಾನು ಕಟ್ಟಿದ್ದು. ದೊರೆಸಾನಿ ಇಲ್ಲ, ಏನೂ ಇಲ್ಲ. ಕಾರು ಹೊಸದುರ್ಗದ ಸ್ಟುಡಿಯೋದಲ್ಲಿ ಫೋಟೋಕ್ಕೆ ಇಟ್ಟಿದ್ರು. ಅಪ್ಪನಿಗೆ ಈ ಕಥೆ ಗೊತ್ತೇ ಇರ್ಲಿಲ್ಲ. ಈಗ ನನ್ನ ಮರ್ಯಾದೆ ಉಳಿಸಾಕೆ ಹೂಂ ಅಂದ."

ಅವರು ಕನ್ನಡಕ ತೆಗೆದರು, ಒರೆಸಲಿಲ್ಲ, ಮತ್ತೆ ಹಾಕಿಕೊಂಡರು.

"ಹಂಗಾದ್ರೆ ಎಂಜಿನ್ನೂ ಕಥೇನಾ? ಒಳಗಿನ ಮರಾನೂ ಕಥೇನಾ?"

"ಇಲ್ಲ ಸರ್! ಅದೆಲ್ಲ ಅಪ್ಪಂದು, ಅದೆಲ್ಲ ನಿಜ—"

"ನಿಜ ಇಟ್ಕಂಡು ಸುಳ್ಳು ಬರೆದೆಯಾ?"

 

ಆಚೆಯಿಂದ ಮಹಾದೇವಮ್ಮನ ನಗು ಕೇಳುತ್ತಿತ್ತು. ಅವರು ಅಜ್ಜಿಗೆ ನಾಯಿಯ ಕಥೆ ಹೇಳುತ್ತಿದ್ದರು. ಮುರುಗಪ್ಪ ಆ ಕಡೆಗೆ ಕಿವಿಗೊಟ್ಟು ನಿಂತರು. ಮತ್ತೆ ಮಾತಾಡಿದಾಗ ದನಿ ಬೇರೆಯಾಗಿತ್ತು.

"ಹೋದ ದೀಪಾವಳಿಯಿಂದ ನಮ್ಮವ್ವ ಯಾರನ್ನೂ ಗುರುತು ಹಿಡೀತಿಲ್ಲಮ್ಮ. ನನ್ನನ್ನ ಒಂದೊಂದ್ಸಲ ತಮ್ಮ ಅಂತಾಳೆ, ಒಂದೊಂದ್ಸಲ ಬಾಡಿಗೆಯೋನು ಅಂತಾಳೆ. ನಿನ್ನ ಕಥೆ ಓದಿ ಹೇಳಿದ ದಿನ 'ಮುರುಗಾ, ಇದು ನಂಗೊತ್ತು' ಅಂದ್ಲು. ನನ್ನ ಹೆಸರಿಡಿದು ಕರೆದ್ಲು. ಅದಕ್ಕೇ ಬಂದಿದ್ದು ನಾನು. ಕಾರು ಕಟ್ಕಂಡು ನಂಗೇನಾಗ್ಬೇಕು?"

ನಾನು ಅಳುತ್ತಿದ್ದೆ. ಅವರಿಗೆ ಅದರಿಂದ ಕನಿಕರವೇನೂ ಹುಟ್ಟಲಿಲ್ಲ.

"ಈಗ ಹೋಗಿ ಅವಳಿಗೆ ಇಲ್ಲ ಅಂತೀಯಾ? ಅವಳು ನೋಡಿದ್ದು ಯಾವುದು ಹಂಗಾದ್ರೆ? ಯಾರು ಹೇಳ್ತಾರೆ ಅದನ್ನ? ನೀ ಹೇಳ್ತೀಯಾ?"

ಅವರು ಶೆಡ್ಡಿಗೆ ವಾಪಸು ನಡೆದರು. ಅಪ್ಪ ಬಾನೆಟ್ಟು ತೆರೆದು ನಿಂತಿದ್ದ. ಎಂಜಿನ್ನಿನ ಪಕ್ಕದಲ್ಲಿ, ಅಪ್ಪನೇ ಕೊರೆದು ಕೂರಿಸಿದ ಹಿತ್ತಾಳೆಯ ಸಣ್ಣ ಫಲಕ ಹೊಳೆಯುತ್ತಿತ್ತು: 'ಗೋವರ್ಧನ, ಹಿರಿಯೂರು'. ಮುರುಗಪ್ಪ ಅದನ್ನು ನೋಡಿದರು. ದನಿ ತಗ್ಗಿಸಿ, ಆದರೆ ನಯವಾಗಿಯೇ ಹೇಳಿದರು.

"ನಿಮ್ಮ ಮಗಳು ಎಲ್ಲಾ ಹೇಳಿದ್ಲು. ಕಾರು ತಗಂತೀನಿ. ಕೆಲಸ ಕಣ್ಣಿಗೆ ಕಾಣ್ತೈತೆ, ಅದರಾಗೆ ಮಾತಿಲ್ಲ. ಆದ್ರೆ ಅವ್ವನ ಪಾಲಿಗೆ ಇದು ಅಂದಿನಿಂದ ಹಿಂಗೇ ಇದ್ದ ಕಾರು. ಮನೆಗೆ ಬಂದ ಜನ 'ಯಾರು ಮಾಡಿದ್ದು, ಎಲ್ಲಿ ಸಿಕ್ತು' ಅಂತ ಶುರು ಮಾಡಿದ್ರೆ ಅವಳ ತಲೆ ಮತ್ತೆ ಕಲಸಿ ಹೋಗ್ತೈತೆ. ಅದಕ್ಕೇ ನಿಮ್ಮ ಹೆಸರು ನಾನು ಯಾರಿಗೂ ಹೇಳಂಗಿಲ್ಲ. ನೀವೂ ಹೇಳ್ಕಣಂಗಿಲ್ಲ. ಈ ಫಲಕ ಬ್ಯಾಡ. ಆಗಲ್ಲ ಅಂದ್ರೆ ಈಗ್ಲೇ ಹೇಳಿಬಿಡ್ರಿ, ಬ್ಯಾಸರ ಇಲ್ಲ."

ಆಗಲ್ಲ ಅನ್ನಪ್ಪ, ಅಂತ ನನ್ನ ಒಳಗೆಲ್ಲ ಕಿರುಚುತ್ತಿತ್ತು. ಬೇರೆ ಯಾರಾದರೂ ಬರುತ್ತಾರೆ. ನಾನು ಸರಿಯಾಗಿ ಬರೆಯುತ್ತೇನೆ, ಹೊನ್ನೆ ಮರದಿಂದ ಹಿಡಿದು ಬರೆಯುತ್ತೇನೆ.

"ಹೂಂ ಅಂದಾಗೈತಲ್ರಿ," ಅಂದ ಅಪ್ಪ.

ಸಣ್ಣ ಸ್ಕ್ರೂ ಡ್ರೈವರು ತೆಗೆದುಕೊಂಡು ತಾನೇ ಬಗ್ಗಿದ.

"ಯಾಕ್ಲಾ ಗೋವರ್ದನ?" ಅಜ್ಜಿ ಕೂತಲ್ಲಿಂದಲೇ ಕೂಗಿದಳು. "ಹೆಸ್ರು ಯಾಕ್ಲಾ ಕೀಳ್ತೀಯಾ?"

"ಕಥೆಗೆ ಅಡ್ಡ ಬರ್ತೈತಂತೆ ಕಣವ್ವ."

ಅಜ್ಜಿ ನನ್ನ ಕಡೆ ನೋಡಿದಳು.   ಮಡಿಲಿನ ಸಿಪ್ಪೆ ಕೊಡವಿ ಎದ್ದು ಒಳಗೆ ಹೋದಳು. ಅವತ್ತಿನಿಂದ ನನ್ನೆದುರು ಅವಳು ಕಥೆ ತೆಗೆದಿಲ್ಲ.

ಒಳ್ಳೇ ದಿನ ನೋಡಿ ಕಾರು ಒಪ್ಪಿಸಲು ಹೊರಟೆವು. ಅಪ್ಪ ಓಡಿಸಿದ, ನಾನು ಪಕ್ಕದಲ್ಲಿ ಕೂತೆ. ಹೈವೇಯಲ್ಲಿ ಲಾರಿಯವರು ಹಾರ್ನ್ ಹೊಡೆದು ಕೈ ಬೀಸಿದರು. ಚಿತ್ರದುರ್ಗ ಹತ್ತಿರವಾಗುತ್ತಿದ್ದಂತೆ ಗುಡ್ಡದ ಮೇಲಿನ ಗಾಳಿಯಂತ್ರಗಳು ಒಂದೊಂದೇ ಎದ್ದು ನಿಂತವು. ಏರಿನಲ್ಲೂ ಎಂಜಿನ್ನು ಒಂದು ಸಲವೂ ಕೆಮ್ಮಲಿಲ್ಲ. ಗಾಳಿಗೆ ಕಣ್ಣಲ್ಲಿ ನೀರು ಬರುತ್ತಿದ್ದದ್ದು ನನಗೆ ಅನುಕೂಲವಾಯಿತು.

"ಅಪ್ಪಾ, ತಪ್ಪಾತು," ಅಂದೆ.

ಅವನು ಗೇರು ಬದಲಿಸಿದ. "ಓದಿಸ್ಕಂಡೆ ನಿನ್ನ ಬರಹಾನ. ಪಕ್ಕದ್ಮನೆ ಚಿತ್ತಪ್ಪನ ಮಗನ ಹತ್ರ ಫೋನಾಗೆ ಓದಿಸ್ಕಂಡೆ. ಚೆನ್ನಾಗಿ ಬರ್ದೀಯ ಕಣೆ. ರೈಲು ಬಂತು, ಗಂಡ ಇಳೀಲಿಲ್ಲ ಅಂತೀಯಲ್ಲ... ನಂಗೇ ಒಂಥರಾ ಆತು."

ನಿಜವಾಗಿ ಹೊಗಳುತ್ತಿದ್ದ. ನಾನು ಸೀಟಿನಲ್ಲಿ ಇನ್ನೂ ಕುಗ್ಗಿದೆ. ಆ ಸೀಟಿನ ಹೊಲಿಗೆಯೂ ಅವನದೇ.

ಭೀಮಸಮುದ್ರದ ಬೀದಿಯಲ್ಲಿ ಕಾರು ನಿಲ್ಲುವ ಮುಂಚೆಯೇ ಜನ ಸುತ್ತುವರಿದರು. ಮುರುಗಪ್ಪನವರ ಮನೆಯ ಕಟ್ಟೆಯ ಮೇಲೆ ಕುರ್ಚಿ ಹಾಕಿ ಮಹಾದೇವಮ್ಮನನ್ನು ಕೂರಿಸಿದ್ದರು. ಹೆಂಗಸರು ಆರತಿ ಬೆಳಗಿದರು. ಮಹಾದೇವಮ್ಮ ಪಕ್ಕದವರಿಗೆ ಹೇಳುತ್ತಿದ್ದರು, "ಹಸಿರು ಬಟ್ಟೆ ಕಟ್ಟೋಳು ಕಣ್ರೇ. ನಾಯಿ ಹೆಸರು ಟಾಮಿ ಅಂತ." ನಾಯಿಗೆ ಹೆಸರೂ ಬಂದಿತ್ತು.

"ಎಷ್ಟು ವರ್ಷದ್ದು ಸ್ವಾಮಿ? ಪೇಂಟು ಹೊಸದಿದ್ದಂಗೆ ಐತಲ್ಲ, ಯಾರು ಮಾಡಿದ್ದು?" ಒಬ್ಬ ಟ್ರ್ಯಾಕ್ಟರ್‌ನವನು ಕೇಳಿದ. ಕಾರಿನ ಸುತ್ತ ಎರಡು ಸಲ ಬಂದು, ಬಗ್ಗಿ, ಬಾಗಿಲಿನ ಕೀಲನ್ನು ಸವರಿ ನೋಡಿ ಕೇಳಿದ. ತಿಳಿದವನ ಹಾಗೆಯೇ ಕೇಳಿದ. ಅಪ್ಪ ಇಷ್ಟು ವರ್ಷ ಕಾದಿದ್ದ ಪ್ರಶ್ನೆ ಅದು.

ಮುರುಗಪ್ಪ ಕಟ್ಟೆಯ ಕಡೆ ಒಮ್ಮೆ ನೋಡಿದರು. "ಯಾರೂ ಮಾಡಿಲ್ಲ. ಮೊದಲಿಂದಲೂ ಹಿಂಗೇ ಐತೆ."

ಅಪ್ಪ ಜನರ ನಡುವೆ ನಿಂತಿದ್ದ. ಅಷ್ಟರಲ್ಲಿ ಅವನ ಕಣ್ಣಿಗೆ ಏನೋ ಬಿತ್ತು. ದಾರಿಯ ಅಲುಗಾಟಕ್ಕೆ ಬಾನೆಟ್ಟಿನ ಚಿಲಕ ಒಂದು ಎಳೆ ಮೇಲೆದ್ದಿತ್ತು. ಅದನ್ನು ಒತ್ತಿ ಕೂರಿಸಲು ಕೈ ಚಾಚಿದ.

ಮುರುಗಪ್ಪನವರ ಅಡಿಕೆ ಮಂಡಿಯಲ್ಲಿ ಕೆಲಸಕ್ಕಿರುವ ಹಾಲೇಶ್ ಅನ್ನುವವನು ಮೆತ್ತನೆಯ ಬಟ್ಟೆ ಹಿಡಿದು ಕಾರು ಕಾಯುತ್ತಿದ್ದ. ಅಡ್ಡ ಬಂದ. ಒರಟಾಗಿ ಏನಲ್ಲ, ಮರ್ಯಾದೆಯಿಂದಲೇ ಅಂದ:

"ಡ್ರೈವರ್ರೇ, ತಂದುಕೊಟ್ಟಾತಲ್ಲ. ಇನ್ನ ಮುಟ್ಟಬ್ಯಾಡ್ರಿ, ಹಳೇ ಕಾಲದ್ದು. ಕೈ ಗುರುತು ಬೀಳ್ತಾವೆ."

ಅಪ್ಪನ ಕೈ ಅರ್ಧದಲ್ಲಿ ನಿಂತಿತು.

ನಾನು ಬಾಯಿ ತೆರೆದೆ. ಕಟ್ಟೆಯ ಮೇಲಿನಿಂದ ಮಹಾದೇವಮ್ಮ ನನ್ನನ್ನೇ ನೋಡುತ್ತಿದ್ದರು, ಬೇಲಿ ಸಂದಿಯಿಂದ ನೋಡುವ ಹುಡುಗಿಯ ಹಾಗೆ, ಮುಖದ ತುಂಬ ಬೆಳಕು. ಬಾಯಿ ಮುಚ್ಚಿದೆ.

"ಹೌದೌದು, ಗುರುತು ಬೀಳ್ತಾವೆ," ಅಂದ ಅಪ್ಪ. ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಎಲ್ಲಿಡುವುದು ತಿಳಿಯದೆ, ಪಂಚೆಗೆ ಒರೆಸಿಕೊಂಡ. ಆಮೇಲೆ ನನ್ನ ಕಡೆ ನೋಡದೆ, "ದುರ್ಗದ ಬಸ್ಸು ಬರೋ ಹೊತ್ತಾತು, ಹೋಗಾಣ ನಡಿ," ಅಂತ ಜನರನ್ನು ಸರಿಸಿಕೊಂಡು ಮುಂದೆ ಹೊರಟ. ಅವನಿಗೆ ದಾರಿ ಬಿಟ್ಟವರು ಯಾರೂ ಅವನ ಮುಖ ನೋಡಲಿಲ್ಲ. ಅವರೆಲ್ಲ ಕಾರು ನೋಡುತ್ತಿದ್ದರು.